ರೆಗ್ಯುಲೇಟರ್ ಹೋಸ್ ಎಷ್ಟು ಉದ್ದ ಬೇಕು? ಲೆವೆಲ್ ಪೈಪ್ ಕತ್ತರಿಸಿ ಹಾಕಿದ ಲೆಕ್ಕ

ನನ್ನದು ಸ್ಕೂಬಾ ಡೈವಿಂಗ್ ರೆಗ್ಯುಲೇಟರ್, ಅಂದರೆ ಬೆನ್ನ ಮೇಲಿನ ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಂದುಕೊಡುವ ಸಾಮಾನು. ಆ ಸೆಟ್ ಜೊತೆ ಬಂದ ಹೋಸ್‌ಗಳು ನನ್ನ ಮೈಗೆ ಉದ್ದ. ನನ್ನ ಎತ್ತರ ಐದಡಿ ನಾಲ್ಕಿಂಚು, ಭುಜವೂ ಅಂಥ ಅಗಲ ಇಲ್ಲ. ಬಾಯಿಗೆ ಬರುವ ಪ್ರೈಮರಿ ಹೋಸ್ 30 ಇಂಚು. ಅದು ಬಲಭುಜದ ಮೇಲಿಂದ ಬಂದು ಕಿವಿ ಪಕ್ಕದಲ್ಲಿ ಕಮಾನು ಕಟ್ಟಿ ನಿಲ್ಲುತ್ತಿತ್ತು. ನೀರಿನ ಸೆಳೆತ ಇದ್ದ ದಿನ ಆ ಕಮಾನಿಗೆ ನೀರು ಬಡಿದು ಮೌತ್‌ಪೀಸ್ ಒಂದೇ ಕಡೆ ಎಳೆಯುತ್ತದೆ. ಹಲ್ಲು ಕಚ್ಚಿ ಹಿಡಿದು ಡೈವ್ ಮುಗಿಸಿದರೆ ಸಂಜೆಗೆ ದವಡೆ ನೋವು ಗ್ಯಾರಂಟಿ. ಹಳದಿ ಆಕ್ಟೋಪಸ್, ಅಂದರೆ ಗಾಳಿ ಮುಗಿದವರಿಗೆ ಕೊಡಲು ಇಟ್ಟ ಎರಡನೇ ಮೌತ್‌ಪೀಸ್, ಅದರ ಹೋಸ್ 36 ಇಂಚು. ಅದು ಹೋಲ್ಡರ್‌ನಿಂದ ಜಾರಿ ಕೆಳಗೆ ನೇತಾಡುತ್ತದೆ. ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಇದೆ ಅಂತ ತೋರಿಸುವ ಗೇಜ್‌ನ ಹೋಸ್ ಕೂಡ 36. ಅದು ಹೊಟ್ಟೆ ಕೆಳಗೆ ತೂಗಾಡುತ್ತಾ ಹೋಗಿ ನೇತ್ರಾಣಿ ದ್ವೀಪದ ಹವಳಕ್ಕೆ ತಾಗುವುದು ನೋಡಿದರೆ ಬೇಜಾರಾಗುತ್ತದೆ.

ಅಂಗಡಿಯ ಸೆಟ್ ಎಲ್ಲರಿಗೂ ಆಗಲಿ ಅಂತ ಮಾಡಿದ್ದು. ಆರಡಿ ಆಳಿಗೂ ಕಮ್ಮಿ ಬೀಳಬಾರದು, ಅದಕ್ಕೇ ಎಲ್ಲವೂ ಸ್ವಲ್ಪ ಜಾಸ್ತಿ. ಕಮ್ಮಿ ಬಿದ್ದರೆ ಅಪಾಯ, ಜಾಸ್ತಿಯಾದರೆ ಕಿರಿಕಿರಿ. ಹಾಗಾಗಿ ಕಂಪನಿಯವರು ಕಿರಿಕಿರಿಯನ್ನೇ ಆರಿಸಿಕೊಂಡಿರುತ್ತಾರೆ. ಅದು ತಪ್ಪೂ ಅಲ್ಲ.

ಹುಬ್ಬಳ್ಳಿಯಲ್ಲಿ ಕೂತು ಇದನ್ನು ಸರಿ ಮಾಡುವುದರಲ್ಲಿ ಒಂದು ತೊಡಕು ಇದೆ. ಹಾಕಿ ನೋಡಿ ಕೊಳ್ಳೋಣ ಅಂದರೆ ಪಕ್ಕದಲ್ಲಿ ಡೈವ್ ಅಂಗಡಿ ಇಲ್ಲ. ಆನ್‌ಲೈನಲ್ಲಿ ತರಿಸಬೇಕು. ಉದ್ದ ತಪ್ಪಿದರೆ ಮತ್ತೆ ಕೊರಿಯರ್, ಮತ್ತೆ ಕಾಯುವುದು. ಆದ್ದರಿಂದ ಮೊದಲು ಮನೆಯಲ್ಲೇ ಡಮ್ಮಿ ಮಾಡಿ ಅಳೆದೆ, ಆಮೇಲೆ ಆರ್ಡರ್ ಹಾಕಿದೆ.

ಡಮ್ಮಿ ಸಿಲಿಂಡರ್‌ಗೆ 180 ಎಂಎಂ ಪಿವಿಸಿ ಪೈಪಿನ ತುಂಡು ತಂದೆ. ಬೋಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ 80 ಘನ ಅಡಿಯ ಅಲ್ಯೂಮಿನಿಯಂ ಸಿಲಿಂಡರ್‌ನ ವ್ಯಾಸ ಸುಮಾರು 184 ಎಂಎಂ. ಹೊಲಕ್ಕೆ ನೀರು ಹಾಯಿಸುವ ಪೈಪಿನಲ್ಲಿ 180ರ ಅಳತೆ ಇದೆ, ಬಹುತೇಕ ಅದೇ ಗಾತ್ರ. ತಲೆಯ ಕಡೆ ಒಂದು ಮರದ ತುಂಡು ಕೂರಿಸಿ, ವಾಲ್ವ್ ಎಷ್ಟು ಎತ್ತರಕ್ಕೆ ಬರುತ್ತದೋ ಅಲ್ಲಿ ಫಸ್ಟ್ ಸ್ಟೇಜ್ (ಸಿಲಿಂಡರ್ ವಾಲ್ವ್‌ಗೆ ಕೂರುವ, ಹೋಸ್‌ಗಳೆಲ್ಲ ಹೊರಡುವ ರೆಗ್ಯುಲೇಟರ್ ಭಾಗ) ಕಟ್ಟಿದೆ. ಬಿಸಿಡಿಯ, ಅಂದರೆ ತೇಲಲು ಗಾಳಿ ತುಂಬುವ ಜಾಕೆಟ್‌ನ ಪಟ್ಟಿಯಲ್ಲಿ ಪೈಪ್ ಸಿಕ್ಕಿಸಿ, ಹೆಗಲಿಗೇರಿಸಿ, ಕನ್ನಡಿ ಮುಂದೆ ನಿಂತೆ. ಎದುರು ಮನೆಯವರು ಕೀಟನಾಶಕ ಹೊಡೆಯುವ ಪಂಪ್ ಅಂದುಕೊಂಡರು.

ಹೋಸ್ ಬದಲಿಗೆ ಲೆವೆಲ್ ಪೈಪ್. ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಅದೇ ಪಾರದರ್ಶಕ ಪೈಪ್. ದುರ್ಗದಬೈಲ್ ಕಡೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಆದರೆ ಅದು ತೀರಾ ಮೆತ್ತಗೆ. ನಿಜವಾದ ಹೋಸ್‌ನ ಎರಡೂ ತುದಿಯಲ್ಲಿ ಲೋಹದ ಕ್ರಿಂಪ್ ಇರುತ್ತದೆ, ಅಷ್ಟು ಭಾಗ ಬಾಗುವುದೇ ಇಲ್ಲ. ಇದನ್ನು ಮರೆತು ಅಳೆದರೆ ಲೆಕ್ಕ ಕಮ್ಮಿ ಬರುತ್ತದೆ. ಹಾಗಾಗಿ ಪೈಪಿನ ಎರಡೂ ತುದಿಗೆ ನಾಲ್ಕು ಸೆಂಟಿಮೀಟರ್ ಪೆನ್ಸಿಲ್ ತುಂಡು ತುರುಕಿದೆ. ಈಗ ಫಸ್ಟ್ ಸ್ಟೇಜ್‌ನ ಪೋರ್ಟ್‌ನಿಂದ (ಹೋಸ್ ಕೂರಿಸುವ ತೂತು) ಹೊರಟ ಪೈಪ್ ಮೊದಲು ನೇರ ಬಂದು, ಆಮೇಲೆ ಬಾಗುತ್ತದೆ. ಸುಮ್ನೆ ದಾರ ಹಿಡಿದು ಅಳೆದವರಿಗೂ ಹೀಗೆ ಅಳೆದವರಿಗೂ ಒಂದು ಗೇಣಿನ ವ್ಯತ್ಯಾಸ ಬಂದರೂ ಆಶ್ಚರ್ಯ ಇಲ್ಲ.

ಇಲ್ಲಿ ಫಸ್ಟ್ ಸ್ಟೇಜ್ ಬಗ್ಗೆ ಎರಡು ಮಾತು. ಸಿಲಿಂಡರ್‌ನ 200 ಬಾರ್ ಒತ್ತಡವನ್ನು ಅದು ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಹೆಚ್ಚು ಇರುವಷ್ಟಕ್ಕೆ ಇಳಿಸಿ ಎಲ್‌ಪಿ, ಅಂದರೆ ಕಡಿಮೆ ಒತ್ತಡದ ಹೋಸ್‌ಗಳಿಗೆ ಕೊಡುತ್ತದೆ. ಎಚ್‌ಪಿ, ಅಂದರೆ ಹೆಚ್ಚು ಒತ್ತಡದ ಪೋರ್ಟ್‌ಗೆ ಮಾತ್ರ ಸಿಲಿಂಡರ್‌ನ ಪೂರ್ತಿ ಒತ್ತಡ ಹೋಗುತ್ತದೆ, ಗೇಜ್ ಇರುವುದು ಅಲ್ಲಿ. ಎಲ್‌ಪಿ ಪೋರ್ಟ್‌ನ ಥ್ರೆಡ್ 3/8-24 (3/8 ಇಂಚು ವ್ಯಾಸ, ಇಂಚಿಗೆ 24 ಸುತ್ತು), ಎಚ್‌ಪಿಯದು 7/16-20. ಹಳೇ ಕಾಲದ ಕೆಲವು ಫಸ್ಟ್ ಸ್ಟೇಜ್‌ಗಳಲ್ಲಿ ಎರಡೂ 3/8 ಇರುತ್ತಿದ್ದವು, ಎಲ್‌ಪಿ ಹೋಸ್ ಹೋಗಿ ಎಚ್‌ಪಿಗೆ ಕೂರುವ ಅಪಾಯ ಇತ್ತು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ನೋಡಿಕೊಳ್ಳಿ. ಎಚ್‌ಪಿ ಪೋರ್ಟ್‌ನ ಒಳಗೆ ಸೂಜಿ ತೂತಿನಷ್ಟೇ ದಾರಿ ಇರುತ್ತದೆ. ಆದ್ದರಿಂದ ಎಚ್‌ಪಿ ಹೋಸ್ ಒಡೆದರೆ ಸದ್ದು ಭಾರಿ, ಗಾಳಿ ಹೋಗುವುದು ನಿಧಾನ. ಎಲ್‌ಪಿ ಹೋಸ್ ಒಡೆದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ. ಭಯ ಪಡಬೇಕಾದದ್ದು ತೆಳ್ಳಗಿನ ಎಚ್‌ಪಿಗೆ ಅಲ್ಲ, ದಿನಾ ಬಾಯಿಗಿಡುವ ದಪ್ಪ ಹೋಸ್‌ಗೆ.

ಈಗ ಅಳತೆ. ಇಷ್ಟು ಇಂಚು ಅಂತ ಮೊದಲೇ ತಲೆಯಲ್ಲಿಟ್ಟುಕೊಂಡು ಹೊರಟರೆ ಕೆಲಸ ಕೆಡುತ್ತದೆ. ಹೋಸ್ ಮೈಮೇಲೆ ಯಾವ ದಾರಿ ಹಿಡಿಯಬೇಕು ಅನ್ನುವುದು ಮೊದಲು, ಉದ್ದ ಆಮೇಲೆ. ದಾರಿ ಬದಲಾದರೆ ಅದೇ ಬಾಯಿಗೆ 28 ಇಂಚೂ ಸರಿ, 40 ಇಂಚೂ ಸರಿ, 84 ಇಂಚೂ ಸರಿ.

84 ಇಂಚು, ಅಂದರೆ ಏಳು ಅಡಿಯ ಲಾಂಗ್ ಹೋಸ್ ಬಗ್ಗೆ ಇಂಟರ್ನೆಟ್ ತುಂಬಾ ಮಾತು. ಅದು ಫ್ಲೋರಿಡಾದ ಗುಹೆ ಡೈವರ್‌ಗಳ ರೂಢಿ. ಬಿಲ್ ಹೊಗಾರ್ತ್ ಮೇನ್ ಅನ್ನುವ ಗುಹೆ ಡೈವರ್‌ನ ಹೆಸರಿನಲ್ಲೇ ಆ ಜೋಡಣೆಗೆ ಹೊಗಾರ್ತಿಯನ್ ಅಂತ ಹೆಸರು. ಇಕ್ಕಟ್ಟಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೊರಗೆ ಬರುತ್ತಾ, ಹಿಂದಿನವರಿಗೆ ಗಾಳಿ ಕೊಡಲು ಅಷ್ಟು ಉದ್ದ ಬೇಕು. ಬಲಬದಿಯಲ್ಲಿ ಕೆಳಗಿಳಿದು, ಸೊಂಟದ ಲೈಟ್ ಡಬ್ಬಿಯ ಕೆಳಗೆ ಸಿಕ್ಕಿಕೊಂಡು, ಎದೆ ದಾಟಿ, ಎಡಭುಜದ ಮೇಲಿಂದ ಕತ್ತು ಸುತ್ತಿ ಬಾಯಿಗೆ ಬರುತ್ತದೆ. ನನ್ನ ಸೊಂಟದಲ್ಲಿ ಲೈಟ್ ಡಬ್ಬಿ ಇಲ್ಲ. ನೇತ್ರಾಣಿಯಲ್ಲಿ ನಾನು ಗುಹೆಗೆ ಇಳಿಯುವುದೂ ಇಲ್ಲ. ಲೆವೆಲ್ ಪೈಪಲ್ಲಿ ಏಳಡಿ ಸುತ್ತಿ ನೋಡಿದೆ. ಉಳಿದದ್ದನ್ನು ಬೆಲ್ಟಿಗೆ ಸಿಕ್ಕಿಸಬೇಕಾಯಿತು. ಅಲುಗಾಡುವ ಬೋಟ್ ಮೇಲೆ, ಗುರುತಿಲ್ಲದ ಬಡಿ (ಜೋಡಿಯಾಗಿ ಡೈವ್ ಮಾಡುವ ಸಂಗಾತಿ) ಜೊತೆ ಇದೆಲ್ಲ ಯಾಕೆ ಅನ್ನಿಸಿತು. ಐದಡಿಯದು ಬೆಲ್ಟಿಗೆ ಸಿಕ್ಕಿಸದೇ ಚೆನ್ನಾಗಿಯೇ ಕೂತಿತು. ಸಣ್ಣ ಮೈಯವರು ಲಾಂಗ್ ಹೋಸ್ ಬೇಕೇ ಬೇಕು ಅಂದರೆ ಐದಡಿಯನ್ನೇ ನೋಡಿ.

ನಾನು ಆರಿಸಿದ್ದು ಮಧ್ಯದ ದಾರಿ. ಪ್ರೈಮರಿ ಹೋಸ್ ಭುಜದ ಮೇಲಿಂದ ಬರುವ ಬದಲು ಬಲ ಕಂಕುಳ ಕೆಳಗಿಂದ ಬರುತ್ತದೆ. ಅಲ್ಲಿಂದ ಎದೆಯ ಪಕ್ಕಕ್ಕೆ ಅಂಟಿಕೊಂಡು ಮೇಲೇರಿ ಬಾಯಿಗೆ. ಕೆಳಗಿಂದ ಬರುವುದರಿಂದ ಸೆಕೆಂಡ್ ಸ್ಟೇಜ್‌ನ, ಅಂದರೆ ಬಾಯಿಗಿಡುವ ಭಾಗದ ಹತ್ತಿರ ಒಂದು ಮೊಣಕೈ ಜೋಡಣೆ, ಅಂದರೆ ಎಲ್ಬೋ ಬೇಕು. ಇಲ್ಲದಿದ್ದರೆ ಹೋಸ್ ಮತ್ತೆ ಹೊರಗೆ ಚಾಚಿ ತಿರುಗಿ ಬರಬೇಕಾಗುತ್ತದೆ. ಎತ್ತ ಬೇಕಾದರೂ ತಿರುಗುವ 360 ಡಿಗ್ರಿ ಸ್ವಿವೆಲ್ ಸಿಗುತ್ತದೆ, ಆದರೆ ಅದರಲ್ಲಿ ಅಲುಗಾಡುವ ಭಾಗ ಜಾಸ್ತಿ. ಸೋರಲು ಒಂದು ಜಾಗ ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ 90 ಡಿಗ್ರಿಯ ಸಾದಾ ಎಲ್ಬೋ ತಗೊಂಡೆ. ಇದು ಬಳಸುತ್ತಾ ಬಳಸುತ್ತಾ ಸಡಿಲ ಆಗುವುದುಂಟು. ಪ್ರತಿ ಡೈವ್‌ಗೆ ಮುಂಚೆ ಬೆರಳಲ್ಲಿ ಹಿಡಿದು ನೋಡಬೇಕು.

ಅಳೆಯುವಾಗ ಮೂರು ಭಂಗಿ ಮಾಡಿದೆ. ತಲೆ ಪೂರ್ತಿ ಎಡಕ್ಕೆ. ತಲೆ ಮೇಲಕ್ಕೆತ್ತಿ ಸೂರು ನೋಡುವುದು. ಎರಡೂ ಕೈ ಮುಂದೆ ಚಾಚುವುದು. ಕಷ್ಟ ಕೊಡುವುದು ಮೊದಲನೆಯದೇ. ಹೋಸ್ ಬಲದಿಂದ ಬರುತ್ತದಲ್ಲ, ಎಡಕ್ಕೆ ತಿರುಗಿದಾಗ ಬಾಯಿ ದೂರ ಹೋಗುತ್ತದೆ. ಹೆಂಡತಿ ಹಿಂದೆ ನಿಂತು ಪೋರ್ಟ್ ಹತ್ತಿರ ಪೈಪ್ ಹಿಡಿದಳು, ನಾನು ತುದಿಯನ್ನು ಬಾಯಿಗೆ ಹಿಡಿದು ಎಡಕ್ಕೆ ತಿರುಗಿದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. 96 ಸೆಂಟಿಮೀಟರ್ ಬಂತು. 36 ಇಂಚು ಅಂದರೆ 91, ಸಾಲದು. 40 ಇಂಚು ಅಂದರೆ 102. ಐದಾರು ಸೆಂಟಿಮೀಟರ್ ಸಡಿಲ ಸಿಕ್ಕಿತು, ಅದು ಬೇಕೇ ಬೇಕು. ನಮ್ಮ ಕರಾವಳಿಯ ನೀರಿಗೆ ತೆಳ್ಳಗಿನ ಸೂಟ್ ಸಾಕು. ದಪ್ಪ ಸೂಟ್ ಹಾಕುವ ಕಡೆಗೆ ಹೋಗುವವರು ಅದನ್ನು ಹಾಕಿಕೊಂಡೇ ಅಳೆಯಬೇಕು.

ಇನ್ನೊಂದು ಸೂಕ್ಷ್ಮ ಇದೆ. ನನ್ನದು ಡಿನ್ ರೆಗ್ಯುಲೇಟರ್, ವಾಲ್ವ್ ಒಳಗೆ ತಿರುಗಿಸಿ ಕೂರಿಸುವ ಥರದ್ದು. ಬೋಟಲ್ಲಿ ಯೋಕ್ (ವಾಲ್ವ್‌ನ ಹೊರಗಿಂದ ಬಿಗಿಯುವ ಥರ) ಮಾತ್ರ ಹಿಡಿಯುವ ಸಿಲಿಂಡರ್ ಕೊಟ್ಟರೆ ಅಡಾಪ್ಟರ್ ಹಾಕಬೇಕು. ಆಗ ಫಸ್ಟ್ ಸ್ಟೇಜ್ ಕೆಲವು ಸೆಂಟಿಮೀಟರ್ ತಲೆಯ ಕಡೆಗೆ ಸರಿಯುತ್ತದೆ. ಹೋಸ್‌ಗಳ ದಾರಿಯೂ ಅಷ್ಟು ಸರಿಯುತ್ತದೆ. ಹಿಂದಲೆಗೆ ಲೋಹ ಬಡಿಯುವುದು ಬೇರೆ. ಅಡಾಪ್ಟರ್ ಹಾಕಿಯೂ ಒಂದು ಸಲ ಅಳೆಯಿರಿ.

ಎರಡನೇ ಸೆಕೆಂಡ್ ಸ್ಟೇಜ್ ಈಗ ನೇತಾಡುವುದಿಲ್ಲ. ಅದು 22 ಇಂಚಿನ ಗಿಡ್ಡ ಹೋಸ್‌ನಲ್ಲಿ ಬಲಭುಜದ ಮೇಲಿಂದ ಬಂದು, ಕತ್ತಿಗೆ ಹಾಕಿದ ಎಲಾಸ್ಟಿಕ್ ಹುರಿಯಲ್ಲಿ ಗದ್ದದ ಕೆಳಗೇ ಕೂರುತ್ತದೆ. ಕೈ ಬಳಸದೇ ತಲೆ ಬಗ್ಗಿಸಿ ಬಾಯಿಗೆ ತಗೊಳ್ಳುವಷ್ಟು ಹತ್ತಿರ ಇರಬೇಕು. ಹುರಿಗೆ ಬೈಕ್ ಸೀಟಿಗೆ ಸಾಮಾನು ಕಟ್ಟುವ ಎಲಾಸ್ಟಿಕ್ ಹಗ್ಗದಲ್ಲೇ ತೆಳ್ಳಗಿನದು ಸಾಕು, ಕೊಕ್ಕೆ ಕತ್ತರಿಸಿ ತೆಗೆಯಬೇಕು. ಹುರಿ ಮೌತ್‌ಪೀಸ್‌ಗೆ ಬಿಗಿಯಾಗಿ ಕೂರಬೇಕು, ಕತ್ತಿಗೆ ಸಡಿಲ ಇರಬೇಕು. ಎಳೆದರೆ ತಲೆ ಮೇಲಿಂದ ಬಿಚ್ಚಿ ಬರಬೇಕು.

ಗಾಳಿ ಮುಗಿದವನಿಗೆ ಕೊಡುವುದು ನನ್ನ ಬಾಯಲ್ಲಿರುವುದನ್ನೇ, ನಾನು ಕತ್ತಿನದಕ್ಕೆ ಹೋಗುತ್ತೇನೆ. ಗಾಬರಿಯಾದವನ ಕಣ್ಣು ಹೋಗುವುದು ಗುಳ್ಳೆ ಬರುತ್ತಿರುವ ಕಡೆಗೇ. ಅಲ್ಲಿರುವುದು ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿ ಬೇಕಿಲ್ಲ. 40 ಇಂಚಿಗೆ ಮಿತಿಯೂ ಇದೆ. ಮುಖಾಮುಖಿ ನಿಂತು ತೋಳು ಹಿಡಿದು ಮೇಲೇರಲು ಸಾಕು. ಹಿಂದೆ ಮುಂದೆ ಈಜುತ್ತಾ ದೂರ ಹೋಗಲು ಆಗುವುದಿಲ್ಲ.

ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್‌ನ ಹೋಸ್‌ನಲ್ಲಿ ಎಲ್ಲರೂ ಗಿಡ್ಡ ಮಾಡುವ ಆಸೆಗೆ ಬೀಳುತ್ತಾರೆ. ಎಡಗೈಯಲ್ಲಿ ಇನ್‌ಫ್ಲೇಟರ್ ಹಿಡಿದು ತಲೆ ಮೇಲೆ ನೇರ ಎತ್ತಿ ನೋಡಿ. ಗಾಳಿ ಬಿಡುವಾಗ ಅದೇ ಭಂಗಿ ಅಲ್ವಾ? ಅಲ್ಲಿ ಎಳೆತ ಬಂದರೆ ಗಿಡ್ಡ ಆಯಿತು ಅಂತ ಅರ್ಥ. ನನಗೆ 24 ಇಂಚು ಬಂತು. ಗೇಜ್‌ಗೂ 24 ಇಂಚು. ಎಡಬದಿಯಲ್ಲಿ ನೇರ ಇಳಿದು ಸೊಂಟದ ಡಿ-ರಿಂಗ್‌ಗೆ ಕ್ಲಿಪ್ ಆಗುತ್ತದೆ. ನೋಡಬೇಕಾದಾಗ ಕ್ಲಿಪ್ ಬಿಚ್ಚಿ ಎತ್ತಬೇಕು. ಎದೆ ಮೇಲೆ ನೋಡುವ ಅಭ್ಯಾಸ ಇದ್ದವರಿಗೆ ಇದು ಹಿಡಿಸಲಿಕ್ಕಿಲ್ಲ.

ಆರ್ಡರ್ ಹಾಕುವಾಗ ಒಂದು ಪ್ರಶ್ನೆ ಕೇಳಿ: ಉದ್ದ ಅಂದರೆ ರಬ್ಬರ್ ಮಾತ್ರವೋ, ಎರಡೂ ತುದಿಯ ಫಿಟಿಂಗ್ ಸೇರಿಯೋ? ಒಬ್ಬೊಬ್ಬರು ಒಂದೊಂದು ಥರ ಅಳೆಯುತ್ತಾರೆ. 40 ಇಂಚಿನಲ್ಲಿ ಗೊತ್ತಾಗದ ವ್ಯತ್ಯಾಸ 22 ಇಂಚಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಹೊಸ ಹೋಸ್ ಬರುವ ಮುಂಚೆ ಹಳೆಯವನ್ನು ಹಿಡಿದುಕೊಂಡು ಗೋಕುಲ ರಸ್ತೆಯ ಒಂದು ಹೈಡ್ರಾಲಿಕ್ ಹೋಸ್ ಅಂಗಡಿಗೆ ಹೋಗಿದ್ದೆ. ಜೆಸಿಬಿ, ಟ್ರ್ಯಾಕ್ಟರ್‌ಗಳಿಗೆ ಪೈಪ್ ಕತ್ತರಿಸಿ, ಕ್ರಿಂಪ್ ಒತ್ತಿ ಕೊಡುವ ಜಾಗ. ಮಾಡಿಸಲು ಹೋದದ್ದಲ್ಲ, ಥ್ರೆಡ್ ಗೇಜ್ ಇಟ್ಟು ನೋಡೋಣ ಅಂತ. ಅಲ್ಲಿನ ಮೇಸ್ತ್ರಿ ತುದಿ ನೋಡಿದ ಕೂಡಲೇ, "ಇದು ನಮ್ಮ ಸೈಜ್ ಐತ್ರೀ ಸರ" ಅಂದರು. ನಿಜ. ಸ್ಕೂಬಾದ 3/8-24, 7/16-20, ಸೆಕೆಂಡ್ ಸ್ಟೇಜ್ ಕಡೆಯ 9/16-18, ಮೂರೂ ಹೈಡ್ರಾಲಿಕ್ಸ್‌ನಲ್ಲಿ ದಿನಾ ಓಡಾಡುವ ಅಳತೆಗಳೇ. ಅವರ ಡಬ್ಬಿಯಲ್ಲಿದ್ದ ನಟ್ ನನ್ನ ಹೋಸ್‌ಗೆ ಸಲೀಸಾಗಿ ಕೂತಿತು.

ಅಲ್ಲೇ ಆಸೆ ಹುಟ್ಟುವುದು. ಹತ್ತು ನಿಮಿಷದಲ್ಲಿ ಬೇಕಾದ ಉದ್ದಕ್ಕೆ ಮಾಡಿಕೊಡುತ್ತಾರೆ, ಒತ್ತಡವೂ ನಮ್ಮದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ. ಮಾಡಿಸಬೇಡಿ. ಆ ಪೈಪಿನ ಒಳಪದರ ಎಣ್ಣೆಗಾಗಿ ಮಾಡಿದ್ದು, ಉಸಿರಾಡುವ ಗಾಳಿಗಲ್ಲ. ಕತ್ತರಿಸಿದ ಪುಡಿ, ಕೈಯ ಎಣ್ಣೆ ಎಲ್ಲ ಒಳಗೇ ಉಳಿಯುತ್ತದೆ. ಒತ್ತಡದಲ್ಲಿ ಎಣ್ಣೆಯ ಆವಿ ಪುಪ್ಪುಸಕ್ಕೆ ಹೋಗುವುದು ಆಟದ ಮಾತಲ್ಲ. ಆಕ್ಸಿಜನ್ ಜಾಸ್ತಿ ಇರುವ ನೈಟ್ರಾಕ್ಸ್ ಬಳಸುವವರಿಗಂತೂ ಎಣ್ಣೆ ಹತ್ತಿರವೂ ಬರಬಾರದು. ಮೇಸ್ತ್ರಿಗೆ ಇದು ಉಸಿರಾಡಲು ಅಂತ ಹೇಳಿದಾಗ ಅವರೇ ತಲೆ ಅಲ್ಲಾಡಿಸಿದರು. "ಹಂಗಾದ್ರ ಬ್ಯಾಡ್ರಿ, ಇದು ಎಣ್ಣಿ ಪೈಪ್."

ಆದರೆ ಅವರ ಕಣ್ಣು ನನಗಿಂತ ಚುರುಕು. ಹಳೇ ಪ್ರೈಮರಿಯ ತುದಿಗೆ ಹಾಕಿದ್ದ ಪ್ಲಾಸ್ಟಿಕ್ ಪ್ರೊಟೆಕ್ಟರ್ ಹಿಂದಕ್ಕೆ ಸರಿಸಿ, ಕ್ರಿಂಪ್ ಮುಗಿಯುವ ಗೆರೆಯಲ್ಲಿ ಹೋಸ್ ಬಗ್ಗಿಸಿ ಉಗುರು ಓಡಿಸಿದರು. ಉಗುರು ಸಿಕ್ಕಿಕೊಂಡಿತು. ಬಗ್ಗಿಸದಿದ್ದರೆ ಕಾಣದ ಸಣ್ಣ ಬಿರುಕು. ಕ್ರಿಂಪ್ ಮೇಲೆ ಹಸಿರು ಕಿಲುಬೂ ಇತ್ತು. ಪ್ರೊಟೆಕ್ಟರ್ ಒಳಗೆ ಉಪ್ಪುನೀರು ಕೂತು ಒಣಗಿದ ಫಲ. ಹೋಸ್ ಬಾಗಿ ಮುರಿಯಬಾರದು ಅಂತ ಹಾಕಿದ ಆ ಪ್ಲಾಸ್ಟಿಕ್ಕೇ ಮುರಿಯುತ್ತಿರುವುದನ್ನು ಮುಚ್ಚಿಡುತ್ತದೆ. ಹೊಸ ಸೆಟ್‌ಗೆ ನಾನು ಪ್ರೊಟೆಕ್ಟರ್ ಹಾಕಿಲ್ಲ. ಬಿರುಕು ಇಲ್ಲದಿದ್ದರೂ ಐದು ವರ್ಷ ಆದ ಹೋಸ್ ಬದಲಿಸುವುದು ರೂಢಿ.

ರಬ್ಬರ್ ಬೇಕೋ, ಬಟ್ಟೆ ನೇಯ್ದ ಬ್ರೇಡೆಡ್ ಬೇಕೋ? ಬ್ರೇಡೆಡ್ ಹಗುರ, ಚೆನ್ನಾಗಿ ಬಾಗುತ್ತದೆ, ಕಣ್ಣಿಗೂ ಚೆಂದ. ಆದರೆ ಬ್ರೇಡೆಡ್ ಹೋಸ್‌ಗಳ ಒಳಗಿನ ಪಾಲಿಯುರೆಥೇನ್ ಕೊಳವೆ ಬಿಸಿ ಮತ್ತು ತೇವಕ್ಕೆ ಕೆಟ್ಟು, ಒಳಗೇ ಹರಳುಗಟ್ಟಿ ಗಾಳಿಯ ದಾರಿ ಮುಚ್ಚಿದ ಪ್ರಕರಣಗಳನ್ನು ಡೈವರ್‌ಗಳ ಸುರಕ್ಷತಾ ಸಂಸ್ಥೆ ಡ್ಯಾನ್ ವರದಿ ಮಾಡಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಬಿಸಿಲಿಗೆ ನಿಂತ ಕಾರಿನ ಡಿಕ್ಕಿ, ಆಮೇಲೆ ಕರಾವಳಿಯ ಸೆಖೆ. ನಮಗೆ ಇದು ದೂರದ ಮಾತಲ್ಲ. ಬಾಯಿಗೆ ಬರುವ ಎರಡಕ್ಕೂ ರಬ್ಬರೇ ತಗೊಂಡೆ. ಗಡುಸು, ಭಾರ, ಆದರೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ.

ಜೋಡಣೆಗೆ ಜಾಸ್ತಿ ಹೊತ್ತು ಬೇಡ. ನನ್ನ ಸೆಟ್‌ನ ಎಲ್‌ಪಿ ಹೋಸ್‌ಗಳಿಗೆ 14 ಎಂಎಂ ಸ್ಪ್ಯಾನರ್, ಎಚ್‌ಪಿಗೆ 16. ತುದಿಯ ರಬ್ಬರ್ ಉಂಗುರದ, ಅಂದರೆ ಓ-ರಿಂಗ್‌ನ ಅಳತೆ ಎಲ್‌ಪಿಗೆ 011, ಎಚ್‌ಪಿಗೆ 012. ಸಿಲಿಕೋನ್ ಗ್ರೀಸ್ ಬೆರಳಿಗೆ ಹತ್ತಿತೋ ಇಲ್ಲವೋ ಅನ್ನುವಷ್ಟು ಸವರಬೇಕು. ನೈಟ್ರಾಕ್ಸ್ ಆದರೆ ಅದಕ್ಕೆಂದೇ ಇರುವ ಗ್ರೀಸ್. ವ್ಯಾಸಲೀನ್, ಗ್ಯಾರೇಜ್ ಗ್ರೀಸ್ ಬೇಡ. ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ. ಕೈಗೆ ಬರದಿದ್ದರೆ ಥ್ರೆಡ್ ಅಡ್ಡ ಹೋಗಿದೆ, ಬಿಚ್ಚಿ ಮತ್ತೆ ಕೂರಿಸಿ. ಆಮೇಲೆ ಸ್ಪ್ಯಾನರ್‌ನಲ್ಲಿ ಸುಮಾರು 4-5 ನ್ಯೂಟನ್ ಮೀಟರ್, ಅಂದರೆ ಮಣಿಕಟ್ಟಿನ ಬಲ ಮಾತ್ರ. ಸೋರದಂತೆ ತಡೆಯುವುದು ಓ-ರಿಂಗ್, ಬಿಗಿತ ಅಲ್ಲ. ಜೋರು ಮಾಡಿದರೆ ಹಿತ್ತಾಳೆಯ ಥ್ರೆಡ್ ಹೋಗುತ್ತದೆ.

ಸೆಕೆಂಡ್ ಸ್ಟೇಜ್ ಕಡೆ ಮಾತ್ರ ಎರಡು ಸ್ಪ್ಯಾನರ್ ಬೇಕು. ಒಂದರಲ್ಲಿ ಸೆಕೆಂಡ್ ಸ್ಟೇಜ್‌ನ ಫಿಟಿಂಗ್ ಹಿಡಿದು, ಇನ್ನೊಂದರಲ್ಲಿ ಹೋಸ್‌ನ ನಟ್ ತಿರುಗಿಸಬೇಕು. ಒಂದರಲ್ಲೇ ಮಾಡಿದರೆ ಒಳಗಿನ ಫಿಟಿಂಗೂ ತಿರುಗಬಹುದು, ಆಮೇಲೆ ಸರ್ವಿಸ್ ಸೆಂಟರ್‌ಗೆ ಓಡಬೇಕು. ಗೇಜ್ ಬದಲಿಸುವಾಗ ಮಧ್ಯದಲ್ಲಿ ಒಂದು ಪುಟಾಣಿ ಕೊಳವೆ ಕೈಗೆ ಬರುತ್ತದೆ, ಎರಡೂ ತುದಿಯಲ್ಲಿ 003 ಅಳತೆಯ ಓ-ರಿಂಗ್. ಗೇಜ್ ಹತ್ತಿರ ಸೂಜಿಮೊನೆಯಷ್ಟು ಗುಳ್ಳೆ ಬರುತ್ತಿದ್ದರೆ ಬಹುತೇಕ ಇದರದ್ದೇ ಕೆಲಸ. ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಉರುಳಿ ಹೋದರೆ ಹುಬ್ಬಳ್ಳಿಯಲ್ಲಿ ಹುಡುಕಿ ತರುವ ಸಾಮಾನಲ್ಲ ಅದು.

ಗಾಳಿ ತುಂಬಿದ ಸಿಲಿಂಡರ್ ಮನೆಯಲ್ಲಿ ಇಲ್ಲದಿದ್ದರೂ ಒಂದು ಪರೀಕ್ಷೆ ಮಾಡಬಹುದು. ಫಸ್ಟ್ ಸ್ಟೇಜ್‌ನ ಬಾಯಿಯನ್ನು ಡಸ್ಟ್ ಕ್ಯಾಪ್‌ನಿಂದ ಬಿಗಿಯಾಗಿ ಮುಚ್ಚಿ. ಇನ್‌ಫ್ಲೇಟರ್ ಹೋಸ್ ತುದಿಯ ಕಪ್ಲರ್ ಮುಚ್ಚಿರಲಿ. ಒಂದೊಂದೇ ಸೆಕೆಂಡ್ ಸ್ಟೇಜ್‌ನಿಂದ ಉಸಿರು ಎಳೆಯಿರಿ. ಎಳೆದು ಹಿಡಿದಾಗ ಗಾಳಿ ಬರಲೇಬಾರದು. ಬಂದರೆ ಎಲ್ಲೋ ಸೋರಿಕೆ ಇದೆ. ಇದರಲ್ಲಿ ದೊಡ್ಡ ತೂತು ಗೊತ್ತಾಗುತ್ತದೆ. ಒತ್ತಡದಲ್ಲಿ ಮಾತ್ರ ಸೋರುವುದು ಗೊತ್ತಾಗುವುದಿಲ್ಲ.

ಅದಕ್ಕೆ ಮುರುಡೇಶ್ವರಕ್ಕೇ ಹೋಗಬೇಕು. ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ, ಕುಮಟಾ, ಹೊನ್ನಾವರ ದಾಟಿದರೆ ಮುರುಡೇಶ್ವರ. ದಡದಲ್ಲೇ ಸಿಲಿಂಡರ್‌ಗೆ ಜೋಡಿಸಿ, ಗೇಜ್‌ನ ಗಾಜನ್ನು ಆಚೆ ತಿರುಗಿಸಿ, ವಾಲ್ವ್ ನಿಧಾನ ತೆರೆದು, ಪ್ರತಿ ಜೋಡಣೆಯನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಆಮೇಲೆ ವಾಲ್ವ್ ಮುಚ್ಚಿ ಸ್ವಲ್ಪ ಹೊತ್ತು ಗೇಜ್ ಮುಳ್ಳು ನೋಡಿದೆ. ಇಳಿಯಲಿಲ್ಲ. ಎಚ್‌ಪಿ ಹೋಸ್‌ನ ಹೊರಪದರದಲ್ಲಿ ಸೂಜಿ ಚುಚ್ಚಿದಂಥ ತೂತುಗಳಿರುತ್ತವೆ, ಪದರದ ಮಧ್ಯೆ ಸೇರಿದ ಗಾಳಿ ಹೊರಬರಲಿ ಅಂತ ಬೇಕೆಂದೇ ಮಾಡಿದ್ದು. ಅಲ್ಲಿ ಒಂದೆರಡು ಗುಳ್ಳೆ ಕೂತರೆ ಹೆದರಬೇಡಿ. ಸಾಲುಸಾಲಾಗಿ ಬರುತ್ತಲೇ ಇದ್ದರೆ ಹೋಸ್ ಬದಲಿಸಿ.

ನೀರಿಗಿಳಿದ ಮೇಲೆ ಮೊದಲು ಗೊತ್ತಾದದ್ದು ಬಾಯಿಯ ಹಗುರ. ಎಡಕ್ಕೆ ತಿರುಗಿದರೂ ಎಳೆತ ಇಲ್ಲ. ಕಿವಿ ಪಕ್ಕದ ಕಮಾನು ಹೋಗಿ, ಬಲಗಡೆ ಕಣ್ಣೋಟವೂ ಖಾಲಿ. ಗೇಜ್ ಕ್ಲಿಪ್ ಮಾತ್ರ ಎರಡು ಬೆರಳು ಕೆಳಗೆ ಇಳಿಸಬೇಕಾಯಿತು. ಕ್ಲಿಪ್ ಕಟ್ಟಿದ ದಾರ ಬಿಚ್ಚಿ ಹೋಸ್‌ನ ತುದಿ ಕಡೆಗೆ ಕಟ್ಟಿದೆ, ಅಷ್ಟೇ.

ಹುಬ್ಬಳ್ಳಿ ಧಾರವಾಡದವರಿಗೆ ಹೋಸ್‌ಗೆ ಸಂಬಂಧ ಇಲ್ಲದ ಒಂದು ಮಾತು. ಡೈವ್ ಆದ ಕೂಡಲೇ ಎತ್ತರಕ್ಕೆ ಹೋದರೆ ಮೈಯೊಳಗೆ ಗುಳ್ಳೆ ಕಟ್ಟುವ ಅಪಾಯ ಇದೆ, ನಮ್ಮೂರು ಸಮುದ್ರ ಮಟ್ಟದಿಂದ 2,100 ಅಡಿಗೂ ಮೇಲಿದೆ. ಡೈವ್ ಆದ ಮೇಲೆ ವಿಮಾನ ಹತ್ತಲು ಡ್ಯಾನ್ ಹೇಳುವ ಕಾಯುವ ಹೊತ್ತು, ಅಂದರೆ ಒಂದೇ ಡೈವ್‌ಗೆ 12 ಗಂಟೆ, ಹೆಚ್ಚು ಡೈವ್‌ಗಳಿಗೆ 18 ಗಂಟೆ, 2,000 ಅಡಿಯಿಂದಲೇ ಲೆಕ್ಕಕ್ಕೆ ಬರುತ್ತದೆ. ಮಧ್ಯಾಹ್ನ ಎರಡು ಡೈವ್ ಮುಗಿಸಿ ಸಂಜೆಯೇ ಘಾಟ್ ಹತ್ತುವವರನ್ನು ನೋಡಿದ್ದೇನೆ. ನಾನು ಒಂದು ರಾತ್ರಿ ಕರಾವಳಿಯಲ್ಲೇ ಉಳಿಯುತ್ತೇನೆ, ಮೀನೂಟವೂ ಆಗುತ್ತದೆ.

ಬಡಿಗೆ ಬೋಟ್ ಮೇಲೇ ತೋರಿಸಬೇಕು: "ಗಾಳಿ ಮುಗಿದರೆ ನನ್ನ ಬಾಯಲ್ಲಿರುವುದು ನಿಮಗೆ, ಹಳದಿ ಹುಡುಕಬೇಡಿ." ಹಳದಿ ಆಕ್ಟೋಪಸ್ ಹುಡುಕಲು ಕಲಿತವರೇ ಜಾಸ್ತಿ ಇರುತ್ತಾರೆ. ಒಂದು ಸಲ ಕೊಟ್ಟು ತಗೊಂಡು ಮಾಡಿ ತೋರಿಸಿದರೆ ಸಾಕು, ಅರ್ಥವಾಗುತ್ತದೆ.

ಬಿರುಕು ಬಿಟ್ಟ 30 ಇಂಚಿನದನ್ನು ನಡುವೆ ಕತ್ತರಿಸಿ ಬಿಸಾಕಿದೆ, ಯಾರೂ ಎತ್ತಿಕೊಂಡು ಬಳಸಬಾರದು. ಆಕ್ಟೋಪಸ್‌ನ 36 ಇಂಚಿನ ಹೋಸ್ ಚೆನ್ನಾಗಿತ್ತು. ಅದನ್ನು ಸುತ್ತುವಾಗ ಮಡಿಸದೆ ದೊಡ್ಡ ವೃತ್ತ ಮಾಡಿ, ತಯಾರಾದ ವರ್ಷ ಬರೆದ ಚೀಟಿ ಕಟ್ಟಿ, ಓ-ರಿಂಗ್ ಡಬ್ಬಿ ಮತ್ತು ಎರಡು ಸ್ಪ್ಯಾನರ್ ಜೊತೆ ಬೋಟ್ ಚೀಲಕ್ಕೆ ಹಾಕಿದ್ದೇನೆ. ಪ್ರೈಮರಿಗೆ ಅದು ಸ್ವಲ್ಪ ಬಿಗಿ, ಕತ್ತಿನದಕ್ಕೆ ಜಾಸ್ತಿ ಉದ್ದ. ಆದರೆ ಥ್ರೆಡ್ ಎರಡಕ್ಕೂ ಒಂದೇ, ಯಾವುದು ಕೈಕೊಟ್ಟರೂ ಅವತ್ತಿನ ಡೈವ್‌ಗೆ ಬಂದೀತು.